ತೇಜಸನ ಹೆಸರಿನ ಟ್ಯೂಬು

ಕಂಪಲಾಪುರ ಅಂಚೆ, ಪಿರಿಯಾಪಟ್ಟಣ ತಾಲ್ಲೂಕು
12 ಅಕ್ಟೋಬರ್ 2025

ಡಾ. ಪ್ರಿಯಾ ಅವರಿಗೆ,

ನೀವು ನಮ್ಮ ಡೇರಿಯಲ್ಲಿ ಬಿಟ್ಟುಹೋದ ಐದು ಟ್ಯೂಬುಗಳ ಪೈಕಿ ನಾಲ್ಕನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಒಂದರಲ್ಲಿ ನನ್ನ ಉಗುಳು, ಒಂದರಲ್ಲಿ ನನ್ನ ಮಗ ಸಾಗರನದು, ಒಂದರಲ್ಲಿ ತೀರಿಕೊಂಡ ನಮ್ಮಣ್ಣನ ಹೆಂಡತಿ ಸುಂದ್ರಮ್ಮನವರದು, ಇನ್ನೊಂದರಲ್ಲಿ ಅವರ ಮಗ ತೇಜಸನದು. ಹೆಚ್ಚುವರಿ ಇರಲಿ ಅಂತ ಕೊಟ್ಟಿದ್ದ ಐದನೆಯದು ಕ್ಯಾನು ತೊಳೆಯುವಾಗ ಕೈತಪ್ಪಿ ಮೋರಿಗೆ ಬಿತ್ತು.

ಎಲ್ಲರೂ ಬೆಳಿಗ್ಗೆ ಬಾಯಿ ಮುಕ್ಕಳಿಸಿ ಕಾಫಿಗೆ ಮುಂಚೆಯೇ ಉಗುಳಿದ್ದಾರೆ. ಹೆಸರಿನ ಚೀಟಿ ಅಂಟಿಸಿದ್ದು ನಾನೇ. ಮೂವತ್ತು ವರ್ಷದಿಂದ ಈ ಊರಿನ ಹಾಲಿನ ಡೇರಿಗೆ ಕಾರ್ಯದರ್ಶಿ ನಾನು. ಸ್ಯಾಂಪಲ್ ಹಿಡಿಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಣ್ಣ ದೇವರಾಜು ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸುತ್ತಿದ್ದವನು ಹಾಗೇ ಕುಸಿದು ಹೋಗಿ ಹನ್ನೊಂದು ವರ್ಷವಾಯಿತು. ಆಗ ಅವನಿಗೆ ನಲವತ್ತಾರು. ನಮ್ಮಪ್ಪ ತಿಮ್ಮಯ್ಯ ಹೊಲದ ಬದುವಿನಲ್ಲೇ ನಲವತ್ತೊಂದಕ್ಕೆ ಹೋದರು. ಆಗೆಲ್ಲ ಯಾರೂ ಬರಲಿಲ್ಲ. ಈಗ ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು, ಬಿಸ್ಕತ್ತು ಹಂಚಿ, ನಿಮ್ಮ ಉಗುಳು ಕೊಡಿ ಅನ್ನುತ್ತೀರಿ. ರಕ್ತ ಕೇಳಿದ್ದರೆ ಒಂದು ಅರ್ಥವಿತ್ತು. ಉಗುಳಿನಲ್ಲಿ ಎದೆಯ ಕಾಯಿಲೆ ಕಾಣುತ್ತದೆಯೇ? ನಮ್ಮ ಮನೆ ನಿಮಗೆ ತೋರಿಸಿದ್ದಾದರೂ ಯಾರು? ನಮ್ಮ ಉಗುಳನ್ನು ಯಾವ ದೇಶಕ್ಕೆ ಕಳಿಸುತ್ತೀರಿ?

ಅತ್ತಿಗೆ ಹೇಳಿದ್ದಕ್ಕೆ ಒಪ್ಪಿದೆ, ಅಷ್ಟೇ. "ಅದೇನ್ ನೋಡ್ತಾರೋ ನೋಡ್ಲಿ ಬುಡಿ. ಇನ್ನೊಬ್ರು ಅಂಗೆ ಓಗೋದು ಬ್ಯಾಡ ಈ ಮನೇಲಿ" ಅಂದರು.

ಟ್ಯೂಬಿನ ಜೊತೆ ನೀವು ಕೊಟ್ಟಿದ್ದ ನಾಲ್ಕು ಅರ್ಜಿಯಲ್ಲೂ ನನ್ನ ಫೋನ್ ನಂಬರನ್ನೇ ಬರೆದಿದ್ದೇನೆ. ಆದರೆ ಗೊತ್ತಿಲ್ಲದ ನಂಬರ್ ನಾನು ಎತ್ತುವುದಿಲ್ಲ. ಫೋನಿನಲ್ಲಿ ಆಡಿದ್ದನ್ನು ನಾಳೆ ಇಲ್ಲ ಅನ್ನಬಹುದು. ಏನಿದ್ದರೂ ಸಹಿ ಹಾಕಿ ಕಾಗದದಲ್ಲಿ ಬರೆಯಿರಿ.

ಇತಿ,
ನಂಜುಂಡಸ್ವಾಮಿ


ಬೆಂಗಳೂರು
21 ಅಕ್ಟೋಬರ್ 2025

ಮಾನ್ಯ ನಂಜುಂಡಸ್ವಾಮಿಯವರಿಗೆ,

ನಾಲ್ಕು ಟ್ಯೂಬುಗಳೂ ಭದ್ರವಾಗಿ ತಲುಪಿವೆ. ಕೇಳಿದ್ದಕ್ಕೆಲ್ಲ ಬರೆದೇ ಉತ್ತರಿಸುತ್ತೇನೆ.

ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಕುಸಿದು ತೀರಿಕೊಂಡವರ ಮನೆಗಳನ್ನು ನಿಮ್ಮೂರಿನ ಆಶಾ ಕಾರ್ಯಕರ್ತೆ ತೋರಿಸಿದರು. ಕೆಲವು ಮನೆತನಗಳಲ್ಲಿ ಹೃದಯದ ಗೋಡೆಯ ಮಾಂಸ ವರ್ಷ ಕಳೆದಂತೆ ದಪ್ಪವಾಗುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಉಸಿರು ಕಟ್ಟಿ ಓಡಿದಾಗ, ಭಾರ ಎತ್ತಿದಾಗ ಹೃದಯ ಒಮ್ಮೆಲೇ ನಿಂತುಬಿಡಬಹುದು. ತಂದೆ ಅಥವಾ ತಾಯಿಯಿಂದ ಬರುವ ವಂಶವಾಹಿಯಲ್ಲಿ ಒಂದು ಚೂರು ಕಳಚಿರುವುದೇ ಇದಕ್ಕೆ ಕಾರಣ. ಎಲ್ಲ ಮಕ್ಕಳಿಗೂ ಬರಬೇಕೆಂದಿಲ್ಲ. ಇಬ್ಬರಿದ್ದರೆ ಒಬ್ಬರಿಗೆ ಬರಬಹುದು, ಇಬ್ಬರಿಗೂ ಬರಬಹುದು, ಬರದೆಯೂ ಇರಬಹುದು. ಆ ವಂಶವಾಹಿ ಮೈಯ ಪ್ರತಿ ಕಣದಲ್ಲೂ ಇರುವುದರಿಂದ ಉಗುಳು ಸಾಕು. ಯಾವ ದೇಶಕ್ಕೂ ಹೋಗುವುದಿಲ್ಲ, ಇಲ್ಲೇ ನಮ್ಮ ಕೇಂದ್ರದ ಫ್ರೀಜರಿನಲ್ಲಿರುತ್ತದೆ.

ವರದಿಗಳು ಬೇರೆ ಬೇರೆ ಲಕೋಟೆಗಳಲ್ಲಿ ಬರುತ್ತವೆ. ಅವರವರ ಲಕೋಟೆಯನ್ನು ಅವರವರೇ ತೆರೆಯಬೇಕು.

ನಾನೂ ನಿಮ್ಮ ಕಡೆಯವಳೇ, ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ. ನೀವು ನಂಬಬಹುದು.

ವಂದನೆಗಳೊಂದಿಗೆ,
ಪ್ರಿಯಾ


ಬೆಂಗಳೂರು
18 ಡಿಸೆಂಬರ್ 2025

ಮಾನ್ಯ ನಂಜುಂಡಸ್ವಾಮಿಯವರಿಗೆ,

ನಾಲ್ಕು ಲಕೋಟೆಗಳಿವೆ. ನಿಮ್ಮದರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ. ನಾನು ಹೇಳಿದ್ದ ಆ ದೋಷ ನಿಮ್ಮಲ್ಲಿ ಕಂಡುಬಂದಿದೆ. ಗಾಬರಿ ಬೇಡ. ಐವತ್ತು ದಾಟಿಯೂ ತೊಂದರೆಯಿಲ್ಲದೆ ಬಾಳುವವರು ಬಹಳ ಮಂದಿ ಇದ್ದಾರೆ. ಆದರೆ ಮೈಸೂರಿಗೆ ಹೋಗಿ ಹೃದಯದ ಸ್ಕ್ಯಾನ್ ಮಾಡಿಸಿ. ಅಲ್ಲಿಯವರೆಗೆ ಹಾಲಿನ ಕ್ಯಾನು ಎತ್ತಬೇಡಿ.

ಉಳಿದ ಮೂವರಿಗೂ ಅವರವರ ಲಕೋಟೆ ತಲುಪಿಸಿ.

ವಂದನೆಗಳೊಂದಿಗೆ,
ಪ್ರಿಯಾ


ಕಂಪಲಾಪುರ ಅಂಚೆ
27 ಡಿಸೆಂಬರ್ 2025

ಡಾ. ಪ್ರಿಯಾ ಅವರಿಗೆ,

ನಾಲ್ಕು ಲಕೋಟೆಯನ್ನೂ ನಾನೇ ಒಡೆದೆ. ಮನೆಗೆ ಹಿರಿಯ ನಾನು. ನನಗೆ ಗೊತ್ತಾಗಬಾರದ ವಿಷಯ ನಮ್ಮ ಮನೆಯಲ್ಲಿ ಯಾವುದಿದೆ?

ನನಗೆ ದೋಷವಿದೆಯಂತೆ. ಐವತ್ತನಾಲ್ಕು ವರ್ಷ ನನಗೆ. ಈ ಕಾಗದ ಬರೆಯುವ ಮುಂಚೆ ನಲವತ್ತು ಲೀಟರಿನ ಆರು ಕ್ಯಾನು ಎತ್ತಿ ವ್ಯಾನಿಗೆ ಇಟ್ಟು ಬಂದು ಕೂತಿದ್ದೇನೆ. ಕೈಯಕ್ಷರ ನಡುಗಿದೆಯೇ, ನೀವೇ ನೋಡಿ. ಅಣ್ಣ ಹೋಗಿದ್ದು ಬ್ಯಾರನ್ ಕಾವಿಗೆ, ಅಪ್ಪ ಹೋಗಿದ್ದು ಬಿಸಿಲಿಗೆ. ಇದಕ್ಕೆ ಉಗುಳಿನ ಪಂಚಾಂಗ ಬೇಕಾಗಿಲ್ಲ.

ಸಾಗರನಿಗೆ ಇಲ್ಲ, ಅತ್ತಿಗೆಗೆ ಇಲ್ಲ, ತೇಜಸನಿಗೂ ಇಲ್ಲ ಅಂತ ಬರೆದಿದ್ದೀರಿ. ತೇಜಸನ ವರದಿ ಓದಿ ಹೇಳಿದಾಗ ಅತ್ತಿಗೆ ಸೊಪ್ಪಿನ ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ಅತ್ತರು. "ನನ್ ಮಗ ಬದುಕ್ಕೊಂಡ ಕಣ್ರೀ" ಅಂತ ಬೀದಿಗೆಲ್ಲ ಸಾರಿ ಬಂದರು. ಈಗ ನಿಮ್ಮ ಕಾಗದ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಗೂಡಿನಲ್ಲಿ ಕೂತಿದೆ. ನೀವೇ ಬಂದು ನೋಡಬೇಕು, ನಗು ಬರುತ್ತದೆ.

ತೇಜಸ ಅರಣ್ಯ ರಕ್ಷಕರ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಕಾಕನಕೋಟೆ ಕಾಡಿನಲ್ಲಿ ಕೆಲಸ ಮಾಡಬೇಕೆಂದು ಚಿಕ್ಕಂದಿನಿಂದಲೂ ಅವನಿಗೆ ಹುಚ್ಚು. ಸಾವಿರದ ಆರುನೂರು ಮೀಟರ್ ಓಟವಿದೆಯಂತೆ. ಅಣ್ಣ ಹೋದ ರೀತಿ ನೆನೆಸಿಕೊಂಡು ಅತ್ತಿಗೆ ಇಷ್ಟು ದಿನ ಓಡಲು ಬಿಟ್ಟಿರಲಿಲ್ಲ. ಈಗ ದಿನಾ ಬೆಳಿಗ್ಗೆ ಅವರೇ ಎಬ್ಬಿಸಿ, ಮೊಟ್ಟೆ ಬೇಯಿಸಿ ಕೊಟ್ಟು ಓಡಿಸುತ್ತಿದ್ದಾರೆ.

ನನಗೆ ಒಂದೇ ಒಂದು ವಿಷಯ ತಿಳಿಯಬೇಕು. ನಾಲ್ಕು ಟ್ಯೂಬನ್ನೂ ನಿಜವಾಗಿ ಪರೀಕ್ಷೆ ಮಾಡಿದಿರಾ? ತೇಜಸನದರಲ್ಲಿ ವಿಶೇಷವಾಗಿ ಏನೂ ಕಾಣಲಿಲ್ಲವೇ? ಅವನು ನಮ್ಮ ಮನೆಯವನು ಹೌದೋ ಅಲ್ಲವೋ ಅನ್ನುವುದು ನಿಮ್ಮ ಯಂತ್ರಕ್ಕೆ ಗೊತ್ತಾಗುತ್ತದೆಯೇ? ಯೋಚಿಸಿ ಉತ್ತರ ಬರೆಯಿರಿ.

ಇತಿ,
ನಂಜುಂಡಸ್ವಾಮಿ


ಬೆಂಗಳೂರು
6 ಜನವರಿ 2026

ಶ್ರೀ ನಂಜುಂಡಸ್ವಾಮಿಯವರಿಗೆ,

ಬೇರೆಯವರ ಲಕೋಟೆ ಒಡೆದದ್ದು ತಪ್ಪು. ಅದನ್ನು ಮೊದಲು ಹೇಳಬೇಕು.

ನಾಲ್ಕನ್ನೂ ಎರಡೆರಡು ಸಲ ಪರೀಕ್ಷಿಸಿದ್ದೇವೆ. ತೇಜಸ್ ಹೆಸರಿನ ಟ್ಯೂಬಿನಲ್ಲಿ ಆ ದೋಷ ಇರಲಿಲ್ಲ. ಅದಕ್ಕಿಂತ ಹೆಚ್ಚಿನದೇನನ್ನೂ ನಾವು ನೋಡುವುದಿಲ್ಲ. ಯಾರು ಯಾರ ಮಗ, ಯಾರು ಯಾವ ಮನೆಯವರು ಎಂಬುದು ನಮ್ಮ ಅಧ್ಯಯನದ ವಿಷಯವಲ್ಲ.

ಒಂದು ಮಾತು ನೇರವಾಗಿಯೇ ಕೇಳುತ್ತೇನೆ. ಗಂಡನಿಲ್ಲದ ಹೆಣ್ಣುಮಗಳ ಮಗನ ಬಗ್ಗೆ ಇಂಥ ಪ್ರಶ್ನೆ ನಿಮಗೆ ಯಾಕೆ ಬಂತು? ನಿಮ್ಮಣ್ಣನ ಪಾಲಿನ ಹೊಲ ಈಗ ಯಾರ ಹೆಸರಿನಲ್ಲಿದೆ? ಆಸ್ತಿಯ ತಕರಾರಿಗೆ ನಮ್ಮ ವರದಿ ಸಾಕ್ಷಿಯಾಗುವುದಿಲ್ಲ. ಆಗಲು ನಾನು ಬಿಡುವುದೂ ಇಲ್ಲ.

ನಿಮ್ಮ ಸ್ಕ್ಯಾನ್ ಆಯಿತೇ?

ಪ್ರಿಯಾ


ಕಂಪಲಾಪುರ ಅಂಚೆ
3 ಫೆಬ್ರವರಿ 2026

ಡಾಕ್ಟರಮ್ಮನವರಿಗೆ,

ಸಿಕ್ಕಿಬಿದ್ದಿರಿ.

ಹೊಲದ ಮಾತೆತ್ತಿ ನನ್ನ ಬಾಯಿ ಮುಚ್ಚಿಸಲು ನೋಡಿದಿರಿ. ಅಣ್ಣನ ಪಾಲು ಅತ್ತಿಗೆಯ ಹೆಸರಿನಲ್ಲೇ ಇದೆ. ಖಾತೆ ಮಾಡಿಸಿಕೊಡಲು ತಾಲ್ಲೂಕು ಕಚೇರಿಗೆ ಎಂಟು ಸಲ ಅಲೆದವನು ನಾನು. ಅದು ಹಾಗಿರಲಿ, ಈಗ ನನ್ನ ಕಥೆ ಕೇಳಿ.

ಬಹಳ ಹಿಂದೆ ನಮ್ಮ ಡೇರಿಯ ಹಾಲಿಗೆ ಮೇಲಿನ ಒಕ್ಕೂಟದ ಪರೀಕ್ಷೆಯವರು ದಿನವೂ ಕೊಬ್ಬು ಕಡಿಮೆ ಅಂತ ಬರೆಯುತ್ತಿದ್ದರು. ನಾನು ಜಗಳ ಆಡಲಿಲ್ಲ. ಒಂದು ದಿನ ಸುಮ್ಮನೆ ಹಸುವಿನ ಹಾಲಿನ ಬಾಟಲಿಗೆ ಎಮ್ಮೆಯ ಹಾಲು ತುಂಬಿ ಕಳಿಸಿದೆ. ಕೊಬ್ಬು ದುಪ್ಪಟ್ಟಿರುವ ಅದಕ್ಕೂ ಅವರು ಮೂರೂವರೆ ಪರ್ಸೆಂಟ್ ಅಂತಲೇ ಬರೆದು ಕಳಿಸಿದರು! ನೋಡದೆಯೇ ಬರೆಯುತ್ತಿದ್ದರು, ಕಳ್ಳರು. ಅವತ್ತಿನಿಂದ ಯಾರೇ ಹೊಸದಾಗಿ ಪರೀಕ್ಷೆ ಅಂತ ಬಂದರೂ ಮೊದಲು ಅವರಿಗೇ ಒಂದು ಪರೀಕ್ಷೆ ಕೊಡುವುದು ನನ್ನ ಪದ್ಧತಿ.

ನಿಮಗೂ ಕೊಟ್ಟೆ. ತೇಜಸ ಉಗುಳಿಕೊಟ್ಟ ಟ್ಯೂಬನ್ನು ಮೋರಿಗೆ ಚೆಲ್ಲಿದೆ. ಹಾಲು ಹಾಕಲು ಬಂದಿದ್ದ ಮರಿಯಯ್ಯನ ಮಗ ಚೇತನ್‌ಕುಮಾರನನ್ನು ಕರೆದು, ಹೆಚ್ಚುವರಿಯಾಗಿದ್ದ ಐದನೇ ಟ್ಯೂಬು ಕೊಟ್ಟು, "ಇದ್ರಲ್ಲಿ ಒಂದ್ಸಲ ಉಗೀಲಾ" ಅಂದೆ. ಯಾಕೆ ಅಂತಲೂ ಕೇಳದೆ ಉಗಿದು ಹೋದ. ನಮಗೂ ಅವರಿಗೂ ಯಾವ ಸಂಬಂಧವೂ ಇಲ್ಲ, ಕುಲವೇ ಬೇರೆ. ಅದಕ್ಕೆ ತೇಜಸನ ಹೆಸರು ಅಂಟಿಸಿದೆ. ನಿಮ್ಮ ಯಂತ್ರ ನಿಜವಾಗಿ ಓಡಿದ್ದರೆ, ಇದು ನಿಮ್ಮ ಮನೆಯವರದಲ್ಲ ಸ್ವಾಮಿ, ಅಂತ ಅದೇ ದಿನ ಬರೆಯುತ್ತಿದ್ದಿರಿ. ಬರೆಯಲಿಲ್ಲ. ಡಿಸೆಂಬರಿನಲ್ಲಿ ಬಾಯಿಬಿಟ್ಟೇ ಕೇಳಿದೆ. ಆಗಲೂ ನಾವು ಅದನ್ನೆಲ್ಲ ನೋಡುವುದಿಲ್ಲ ಅಂತ ಜಾರಿಕೊಂಡಿರಿ.

ಉಗುಳು ತೊಗೊಂಡು ಏನು ಮಾಡಿದಿರೋ ದೇವರಿಗೇ ಗೊತ್ತು. ಪರೀಕ್ಷೆಯಂತೂ ಮಾಡಿಲ್ಲ. ನನಗೆ ದೋಷ ಅಂದಿದ್ದೂ ಸುಳ್ಳು, ಸ್ಕ್ಯಾನ್ ಅಂದಿದ್ದೂ ಯಾವುದೋ ಆಸ್ಪತ್ರೆಗೆ ಗಿರಾಕಿ ಹಿಡಿಯಲಿಕ್ಕೆ. ನಮ್ಮ ಕಡೆಯವಳು, ಅಂತರಸಂತೆಯವಳು ಅಂತ ನಂಬಿಸಿದಿರಲ್ಲ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು.

ಅತ್ತಿಗೆಗೆ ಇದನ್ನೆಲ್ಲ ಹೇಳಿಲ್ಲ. ಖುಷಿಯಾಗಿದ್ದಾರೆ, ಇರಲಿ. ಒಂಬತ್ತನೇ ತಾರೀಕು ಸೋಮವಾರ ಮೈಸೂರಿನಲ್ಲಿ ತೇಜಸನ ಓಟ. ಅದು ಮುಗಿದ ಮೇಲೆ ನಿಮ್ಮ ಮೇಲೆ ದೂರು ಬರೆಯುತ್ತೇನೆ. ತಯಾರಾಗಿರಿ.

ನಂಜುಂಡಸ್ವಾಮಿ


ಬೆಂಗಳೂರು
8 ಫೆಬ್ರವರಿ 2026, ಭಾನುವಾರ ಬೆಳಿಗ್ಗೆ

ನಂಜುಂಡಸ್ವಾಮಿಯವರೇ,

ತೇಜಸನನ್ನು ಓಡಲು ಬಿಡಬೇಡಿ. ಉಳಿದದ್ದನ್ನು ಆಮೇಲೆ ಓದಿ. ಮೊದಲು ಅವನಿಗೆ ಫೋನ್ ಮಾಡಿ.

ನಾನು ಊರೂರು ತಿರುಗಿ ನಿನ್ನೆ ಸಂಜೆ ವಾಪಸ್ ಬಂದೆ. ನಿಮ್ಮ ಕಾಗದ ಮೇಜಿನ ಮೇಲಿತ್ತು. ನಿಮಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ನೀವು ಎತ್ತಲಿಲ್ಲ. ತೇಜಸನ ನಂಬರ್ ನಮ್ಮಲ್ಲಿಲ್ಲ, ಅವನ ಅರ್ಜಿಯಲ್ಲೂ ನಿಮ್ಮದೇ ಇದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಫೋನೂ ಸಿಗುತ್ತಿಲ್ಲ. ಮಡಿಕೇರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಕಂಪಲಾಪುರದಲ್ಲಿ ಇಳಿದು ಡೇರಿಗೆ ಯಾರ ಮೂಲಕವಾದರೂ ಮುಟ್ಟಿಸುತ್ತೇನೆ ಅಂದಿದ್ದಾರೆ.

ನಮ್ಮ ಯಂತ್ರ ಓಡಿತ್ತು. ಆ ಟ್ಯೂಬು ಸುಂದ್ರಮ್ಮನವರ ಮಗನದಲ್ಲ, ನಿಮ್ಮ ಮನೆಯವರದೇ ಅಲ್ಲ ಎಂದು ನವೆಂಬರಿನಲ್ಲೇ ನನಗೆ ಗೊತ್ತಾಗಿತ್ತು. ತೇಜಸ್ ಸಾಕಿಕೊಂಡ ಮಗು ಇರಬೇಕು ಅಂದುಕೊಂಡೆ. ನಾನೂ ಹಾಗೇ ಬೆಳೆದವಳು. ನನ್ನನ್ನು ಹೆತ್ತವಳು ನಮ್ಮ ಚಿಕ್ಕಮ್ಮ ಅನ್ನುವುದನ್ನು ಆಸ್ಪತ್ರೆಯ ನರ್ಸೊಬ್ಬಳು ಒಂದು ದಿನ ಹತ್ತು ಜನರ ಮುಂದೆ ಹೇಳಿಬಿಟ್ಟಳು. ಅಂಥದ್ದನ್ನು ಇನ್ನೊಂದು ಮಗುವಿಗೆ ನಾನು ಮಾಡಬಾರದು ಅಂತ ಬಾಯಿ ಕಟ್ಟಿಕೊಂಡೆ. ನಮ್ಮ ನಿಯಮವೂ ಹೇಳಬೇಡಿ ಅನ್ನುತ್ತದೆ. ನಿಮ್ಮ ಡಿಸೆಂಬರಿನ ಪ್ರಶ್ನೆ ಓದಿದಾಗ, ಇವರು ಆ ಹುಡುಗನನ್ನು ಮನೆಯಿಂದ ಹೊರಹಾಕಲು ದಾರಿ ಹುಡುಕುತ್ತಿದ್ದಾರೆ ಎಂದೇ ನಂಬಿದೆ. ನಾವು ಅದನ್ನೆಲ್ಲ ನೋಡುವುದಿಲ್ಲ ಎಂದು ಬರೆದದ್ದು ಸುಳ್ಳು.

ಇನ್ನೊಂದು ಟ್ಯೂಬು ಕಳಿಸಿ ಅಂತ ನಾನು ಕೇಳಬಹುದಿತ್ತು. ಯಾವ ನಿಯಮವೂ ಅದಕ್ಕೆ ಅಡ್ಡವಿರಲಿಲ್ಲ. ಕೇಳಲಿಲ್ಲ, ಅದು ನನ್ನ ತಪ್ಪು.

ಆದರೆ ಈಗ ಆಗಿರುವುದನ್ನು ಅರ್ಥ ಮಾಡಿಕೊಳ್ಳಿ. ದೋಷ ಇಲ್ಲದಿರುವುದು ಚೇತನ್‌ಕುಮಾರನಿಗೆ. ದೇವರಾಜು ಅವರ ಮಗನನ್ನು ಯಾರೂ ಪರೀಕ್ಷಿಸಿಯೇ ಇಲ್ಲ. ಒಂದೂವರೆ ತಿಂಗಳಿಂದ ಅವನು ಬೇರೆಯವನ ಉಗುಳಿನ ವರದಿ ನಂಬಿಕೊಂಡು ಓಡುತ್ತಿದ್ದಾನೆ.

ಹೋಗಿ ನಿಲ್ಲಿಸಿ.

ಪ್ರಿಯಾ


ಕಂಪಲಾಪುರ ಅಂಚೆ
12 ಫೆಬ್ರವರಿ 2026

ಪ್ರಿಯಾ ಅವರಿಗೆ,

ತೇಜಸ ಬದುಕಿದ್ದಾನೆ. ಮಂಗಳವಾರ ನೀವು ಮತ್ತೆ ಫೋನ್ ಮಾಡಿದಾಗ ಎತ್ತಿದೆ, ಅಷ್ಟು ಮಾತ್ರ ಹೇಳಲು ಬಾಯಿ ಬಂತು. ಉಳಿದದ್ದನ್ನು ಬರೆಯುತ್ತೇನೆ.

ನಿಮ್ಮ ಲಕೋಟೆ ಭಾನುವಾರ ಸಂಜೆ ಹಾಲಿನ ಹೊತ್ತಿಗೆ ಬಂತು. ತೇಜಸ ಮಧ್ಯಾಹ್ನವೇ ಮೈಸೂರಿಗೆ ಹೋಗಿ ಸ್ನೇಹಿತನ ರೂಮಿನಲ್ಲಿ ಉಳಿದಿದ್ದ. ಫೋನ್ ಮಾಡಿ, "ಓಡಬ್ಯಾಡ ಕಣೋ, ನಿನ್ ಎದೆ ಸರಿ ಇದ್ಯೋ ಇಲ್ವೋ ಗೊತ್ತಿಲ್ಲ" ಅಂದೆ. "ರಿಪೋರ್ಟು ದೇವ್ರ ಗೂಡಲ್ಲೇ ಐತಲ್ಲ ಚಿಕ್ಕಪ್ಪ. ನಾನು ಉದ್ಧಾರ ಆಗೋದು ನಿಮ್ಗೆ ಬ್ಯಾಡ್ವಾ?" ಅಂದ. ಆ ರಿಪೋರ್ಟು ಸುಳ್ಳು ಅನ್ನಬೇಕಿತ್ತು. ಯಾಕೆ ಸುಳ್ಳು ಅಂತ ಕೇಳುತ್ತಾನಲ್ಲ ಅಂತ ಹೆದರಿದೆ. ಅಷ್ಟರಲ್ಲಿ ಅವನು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಬೆಳಿಗ್ಗೆ ಹಾಲಿನ ವ್ಯಾನಿನಲ್ಲೇ ಮೈಸೂರಿಗೆ ಹೋದೆ. ಹುಡುಗರನ್ನು ಇಪ್ಪತ್ತೈದು ಇಪ್ಪತ್ತೈದು ಮಂದಿಯಾಗಿ ಬಿಡುತ್ತಿದ್ದರು. ತೇಜಸ ಎದೆಗೆ ನಂಬರ್ ಕಟ್ಟಿಕೊಂಡು ಮೂರನೇ ಗುಂಪಿನಲ್ಲಿ ನಿಂತಿದ್ದ. ಒಳಗೆ ಬಿಡಲಿಲ್ಲ. ತಂತಿ ಬೇಲಿ ಹಿಡಿದುಕೊಂಡು, ಅಷ್ಟು ಜನರೆದುರು ಕೂಗಿದೆ. "ಅದು ನಿನ್ ಉಗುಳಲ್ಲ ಕಣ್ಲಾ! ನಿಂದು ನಾನು ಮೋರಿಗೆ ಚೆಲ್ದೆ! ಚೇತನಂದು ಕಳ್ಸಿದ್ದೆ!"

ಪಕ್ಕದ ಹುಡುಗರು ನಕ್ಕರು. ತೇಜಸ ನಗಲಿಲ್ಲ. ಬೇಲಿಯ ಹತ್ತಿರ ಬಂದು ನನ್ನ ಮುಖ ನೋಡಿದ. ಹಿಂದೆ ಸೀಟಿ ಊದಿದರು, ಅವನ ಗುಂಪು ಓಡಿತು. ಅವನು ಅಲ್ಲೇ ನಿಂತಿದ್ದ. ಆಮೇಲೆ ಎದೆಯ ನಂಬರನ್ನು ಬಿಚ್ಚಿ ಜೇಬಿಗೆ ಇಟ್ಟುಕೊಂಡ.

ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಇಬ್ಬರೂ ಸ್ಕ್ಯಾನ್ ಮಾಡಿಸಿಕೊಂಡೆವು. ನನ್ನ ಹೃದಯದ ಗೋಡೆ ದಪ್ಪವಾಗಿದೆ. ಅವನದು ನನ್ನದಕ್ಕಿಂತ ದಪ್ಪವಾಗಿದೆ. ಇಪ್ಪತ್ತಮೂರು ವರ್ಷ ಅವನಿಗೆ. ಮಾತ್ರೆ ಕೊಟ್ಟಿದ್ದಾರೆ, ಓಟ ಪೂರ್ತಿ ನಿಲ್ಲಿಸಬೇಕು ಅಂದಿದ್ದಾರೆ. ಇಷ್ಟು ದಿನ ಓಡಿಯೂ ಏನೂ ಆಗದಿದ್ದದ್ದು ನಿಮ್ಮ ಪುಣ್ಯ ಅಂದರು ಡಾಕ್ಟರು. ಪುಣ್ಯ ಅವರಮ್ಮನದು. ನನ್ನದಂತೂ ಅಲ್ಲ.

ನನ್ನ ದೋಷದ ಬಗ್ಗೆ ನೀವು ಸತ್ಯ ಹೇಳಿದ್ದಿರಿ, ನಾನು ಸುಳ್ಳು ಅಂದೆ. ಕ್ಷಮಿಸಿ ಅಂತ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಮನೆಗೆ ಬಂದು ಅತ್ತಿಗೆಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ, ಎದೆ ಎದೆ ಬಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎದ್ದು ಹೋಗಿ ದೇವರ ಗೂಡಿನಿಂದ ಆ ಕಾಗದ ತಂದರು. ಅದರ ಮೇಲಿನ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಒಂದೇ ಮಾತು ಕೇಳಿದರು.

"ಅವ್ರನ್ನ ಪರೀಕ್ಸೆ ಮಾಡ್ಬೇಕು ಅಂತಿದ್ರೆ ಸಾಗರನ ಉಗುಳು ಚೆಲ್ಬೋದಾಗಿತ್ತಲ್ಲ. ನನ್ ಮಗಂದೇ ಯಾಕೆ ಚೆಲ್ದ್ರಿ?"

ಮೂರು ದಿನವಾಯಿತು. ಊಟ ಬಡಿಸುತ್ತಾರೆ, ಹೋಗುತ್ತಾರೆ. ನಾನು ಉತ್ತರ ಕೊಟ್ಟಿಲ್ಲ. ಕೈಗೆ ಸಿಕ್ಕಿದ್ದು ಅದು ಅಂತ ಹೇಳಬಹುದಿತ್ತು. ಅದು ನಿಜವಲ್ಲ. ಅವತ್ತು ಬೆಳಿಗ್ಗೆ ಮೊದಲು ಕೈಗೆ ಸಿಕ್ಕಿದ್ದು ಸಾಗರನ ಟ್ಯೂಬೇ. ಮುಚ್ಚಳವನ್ನೂ ತೆಗೆದಿದ್ದೆ. ಒಂದು ವೇಳೆ ಇವರು ನಿಜವಾಗಿಯೂ ಪರೀಕ್ಷೆ ಮಾಡುವವರಾಗಿದ್ದರೆ ನನ್ನ ಮಗನದು ತಪ್ಪಿಹೋಗುತ್ತದಲ್ಲ ಅನ್ನಿಸಿತು. ಮತ್ತೆ ಮುಚ್ಚಳ ಹಾಕಿ ಅದನ್ನು ಪಕ್ಕಕ್ಕಿಟ್ಟು, ತೇಜಸನದನ್ನು ತೆಗೆದುಕೊಂಡೆ.

ಆಶಾ ಕಾರ್ಯಕರ್ತೆ ತಂದುಕೊಟ್ಟ ಹೊಸ ಟ್ಯೂಬಿನಲ್ಲಿ ತೇಜಸ ಉಗುಳಿಕೊಟ್ಟಿದ್ದಾನೆ, ಇದರ ಜೊತೆಗಿದೆ; ಈ ಸಲ ಹೆಸರು ಬರೆದು ಅಂಟಿಸಿದವರು ಅತ್ತಿಗೆ. ನಾನು ಮುಟ್ಟಿಲ್ಲ. ಅವರ ಫೋನ್ ನಂಬರು ಅದರ ಮೇಲೆಯೇ ಇದೆ. ವರದಿಯನ್ನು ಅವರ ಹೆಸರಿಗೆ ಕಳಿಸಿ, ನನಗೆ ಏನೂ ಬರೆಯಬೇಡಿ.

ಈ ಕಾಗದವನ್ನು ಮಡಚದೆ ಅತ್ತಿಗೆಯ ಕೈಗೆ ಕೊಡುತ್ತೇನೆ. ಓದಿದ ಮೇಲೆ ಅಂಟಿಸಿ ಅಂಚೆಗೆ ಹಾಕುವುದೋ ಬಿಡುವುದೋ ಅವರಿಗೆ ಬಿಟ್ಟಿದ್ದು. ಇದು ನಿಮಗೆ ತಲುಪಿದರೆ ಅವರು ಓದಿದ್ದಾರೆ ಎಂದು ತಿಳಿಯಿರಿ.

ನಂಜುಂಡಸ್ವಾಮಿ